ಡಿಸೆಂಬರ್‌ನ ‘ನಕ್ಷತ್ರಗಾಳಿ’ ನಮ್ಮ ತೋಟಕ್ಕೆ ಬರುತ್ತಾ?

ಹೊಸನಗರ ತಾಲೂಕಿನ ಅಡಿಕೆ ಬೆಳೆಗಾರರೊಬ್ಬರು ಕೇಳಿದ್ದಾರೆ:

“ಸರ್, ನಮಸ್ಕಾರ. ಮೂರು ಎಕರೆ ತೋಟ, ಬೋರ್‌ವೆಲ್‌ಗೆ ಸೋಲಾರ್ ಪಂಪ್ ಇದೆ. ನಮ್ಮ ಭಾವ ಒಂದು ವಿಡಿಯೋ ಕಳಿಸಿದ್ದಾರೆ. ಪ್ರತಿ ಡಿಸೆಂಬರ್‌ನಲ್ಲಿ ಭೂಮಿ ನಕ್ಷತ್ರಗಳ ಕಡೆಯಿಂದ ಬರುವ ಗಾಳಿಯೊಳಗೆ ಹಾದು ಹೋಗುತ್ತದಂತೆ. ಆ ಗಾಳಿ ಸೂರ್ಯನ ಹತ್ತಿರ ಬಂದು ‘ಹೊಸ ಅಯಾನು’ ಆಗುತ್ತದಂತೆ, ಅದರಿಂದ ಪ್ಲಾಸ್ಮಾ ಅಲೆ ಏಳುತ್ತದಂತೆ. ಆ ಅಲೆಯ ಸದ್ದು ಅಂತ ಏನೋ ಗೊಯ್ ಅನ್ನುವುದನ್ನೂ ಕೇಳಿಸಿದ್ದಾರೆ. ಎಲೆಚುಕ್ಕೆ ರೋಗ ಜಾಸ್ತಿ ಆಗಿದ್ದಕ್ಕೆ, ನಮ್ಮ ಪಂಪಿನ ಕಂಟ್ರೋಲರ್ ಸುಟ್ಟಿದ್ದಕ್ಕೆ ಎಲ್ಲಕ್ಕೂ ಇದೇ ಕಾರಣ ಅಂತಾರೆ. ತೋಟದ ನಾಲ್ಕು ಮೂಲೆಗೆ ಹಾಕಲು ತಾಮ್ರದ ತಗಡು ಮಾರುತ್ತಿದ್ದಾರೆ, ಒಂದಕ್ಕೆ ಆರೂವರೆ ಸಾವಿರ. ಭಾವ ಆಗಲೇ ಮುಂಗಡ ಕೊಟ್ಟಿದ್ದಾರೆ. ನಮ್ಮಲ್ಲಿ ಅಡಿಕೆ ಗೊನೆ ಕೊಯ್ಲು, ಅಂಗಳದಲ್ಲಿ ಅಡಿಕೆ ಒಣಗಿಸುವುದು ಎಲ್ಲಾ ಅದೇ ಹೊತ್ತಿಗೆ. ಏನು ಮಾಡಲಿ? ಇನ್ನೊಂದು ವಿಷಯ. ಮಗಳು ಸೆಕೆಂಡ್ ಪಿಯುಸಿ ಸೈನ್ಸ್. ಅವಳೂ ವಿಡಿಯೋ ನೋಡಿ, ‘ಅಪ್ಪಾ, ಅಲ್ಲಿ ಕಣಗಳು ಒಂದಕ್ಕೊಂದು ಡಿಕ್ಕಿನೇ ಹೊಡೆಯಲ್ಲ ಅಂತಾರೆ, ಹಾಗಾದ್ರೆ ಸೂರ್ಯನ ಗಾಳಿ ಹೊಸ ಅಯಾನನ್ನ ಎಳ್ಕೊಂಡು ಹೋಗೋದು ಹೇಗೆ?’ ಅಂತ ಕೇಳಿದಳು. ನನಗೆ ಉತ್ತರ ಗೊತ್ತಾಗಲಿಲ್ಲ. ಅವಳಿಗೆ ಇದನ್ನೇ ಓದಬೇಕಂತೆ. ಅದಕ್ಕೂ ದಾರಿ ಹೇಳಿ.”

ಮೊದಲು ತಗಡಿನ ವಿಷಯ. ತಗೊಳ್ಳಬೇಡಿ. ಮುಂಗಡ ವಾಪಸ್ ಕೇಳಿ. ಅಡಿಕೆಯನ್ನು ಅಂಗಳದಲ್ಲೇ ಒಣಗಿಸಿ, ಎಂದಿನ ಹಾಗೆ.

ಈಗ ನಿಧಾನವಾಗಿ ಮಾತಾಡೋಣ. ನಾನು ಬಾಹ್ಯಾಕಾಶದ ಪ್ಲಾಸ್ಮಾ (ಅಂದರೆ ವಿದ್ಯುದಾವೇಶ ಇರುವ ಕಣಗಳ ಅನಿಲ) ಮೇಲೆ ಕೆಲಸ ಮಾಡುವವನು, ಊರು ತೀರ್ಥಹಳ್ಳಿ ಕಡೆ. ನೌಕೆಗಳು ಕಳಿಸುವ ಕಾಂತಕ್ಷೇತ್ರದ ಅಳತೆಗಳಲ್ಲಿ ಇದೇ ಅಲೆಗಳನ್ನು ಹುಡುಕುವುದು ನನ್ನ ದಿನದ ಕೆಲಸ. ಹಾಗಾಗಿ ನಿಮ್ಮ ಪತ್ರ ಓದಿದಾಗ ಸಿಟ್ಟೂ ಬಂತು, ಖುಷಿಯೂ ಆಯಿತು. ಸಿಟ್ಟು ಬಂದಿದ್ದು, ಇಷ್ಟು ಚೆಂದದ ವಿಷಯವನ್ನು ಹೆದರಿಸಿ ದುಡ್ಡು ಮಾಡಲು ಬಳಸಿದ್ದಾರಲ್ಲ ಅಂತ. ಖುಷಿ ಆಗಿದ್ದು ನಿಮ್ಮ ಮಗಳ ಪ್ರಶ್ನೆ ನೋಡಿ. ಎಂಎಸ್ಸಿ ಓದುವವರೂ ಆ ಪ್ರಶ್ನೆಯಲ್ಲಿ ತಡವರಿಸುತ್ತಾರೆ.

ಆ ವಿಡಿಯೋದ ಕಷ್ಟ ಏನೆಂದರೆ ಅದರ ಮೊದಲ ಅರ್ಧ ನಿಜ. ಪೂರ್ತಿ ಸುಳ್ಳಾಗಿದ್ದರೆ ನಿಮಗೇ ಗೊತ್ತಾಗುತ್ತಿತ್ತು. ಡಿಸೆಂಬರ್ ಶುರುವಿನಲ್ಲಿ ಭೂಮಿ ಹೊರಗಿನಿಂದ ಬಂದ ಹೀಲಿಯಂ ಸ್ವಲ್ಪ ದಟ್ಟವಾಗಿರುವ ಜಾಗದಲ್ಲಿ ಹಾದು ಹೋಗುವುದು ನಿಜ. ಹೊಸ ಅಯಾನುಗಳು, ಅಂದರೆ ಎಲೆಕ್ಟ್ರಾನು ಕಳೆದುಕೊಂಡು ವಿದ್ಯುದಾವೇಶ ಪಡೆದ ಪರಮಾಣುಗಳು, ಹುಟ್ಟುವುದು ನಿಜ. ಅವುಗಳಿಂದ ಪ್ಲಾಸ್ಮಾದಲ್ಲಿ ಅಲೆ ಏಳುವುದೂ ನಿಜ. ಅಲ್ಲಿಂದ ಮುಂದೆ, ಅಂದರೆ ಆ ಅಲೆ ಹೊಸನಗರದ ತೋಟಕ್ಕೆ ಇಳಿದು ಎಲೆಗೆ ಚುಕ್ಕೆ ಹಾಕುತ್ತದೆ ಅನ್ನುವಲ್ಲಿಂದ ಮುಂದೆ, ಒಂದಕ್ಷರವೂ ನಿಜವಲ್ಲ.

ಸೂರ್ಯ ಬೆಳಕಿನ ಜೊತೆ ಒಂದು ಗಾಳಿಯನ್ನೂ ಬಿಡುತ್ತಲೇ ಇರುತ್ತಾನೆ. ಅದೇ ಸೌರಮಾರುತ. ಅದರಲ್ಲಿ ಇರುವುದು ಹೆಚ್ಚಾಗಿ ಪ್ರೋಟಾನು, ಎಲೆಕ್ಟ್ರಾನು, ಒಂದಿಷ್ಟು ಹೀಲಿಯಂ, ಜೊತೆಗೆ ಸೂರ್ಯನಿಂದ ಎಳೆದು ತಂದ ಕಾಂತಕ್ಷೇತ್ರ. ಇಂಥ ಗಾಳಿ ಇರಲೇಬೇಕು ಅಂತ ಅಮೆರಿಕದ ಭೌತವಿಜ್ಞಾನಿ ಯೂಜೀನ್ ಪಾರ್ಕರ್ 1958ರಲ್ಲಿ ಲೆಕ್ಕ ಹಾಕಿ ಹೇಳಿದರು. 1962ರಲ್ಲಿ ಶುಕ್ರನ ಕಡೆ ಹೋದ ಮ್ಯಾರಿನರ್ 2 ದಾರಿಯುದ್ದಕ್ಕೂ ಅದನ್ನು ಅಳೆಯಿತು. ವೇಗ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್, ಕೆಲವೊಮ್ಮೆ 700, 800. ಅಷ್ಟು ವೇಗ ಅಂದ ಕೂಡಲೇ ಹೆದರಿಕೆ ಆಗುತ್ತದೆ ಅಲ್ವಾ? ಆದರೆ ಎಷ್ಟು ತೆಳು ಅಂತಲೂ ನೋಡಬೇಕು. ಭೂಮಿಯ ಹತ್ತಿರ ಒಂದು ಘನ ಸೆಂಟಿಮೀಟರ್‌ನಲ್ಲಿ ನಾಲ್ಕೈದು ಪ್ರೋಟಾನು ಮಾತ್ರ. ಶಕ್ತಿಯ ಲೆಕ್ಕ ಹಾಕಿದರೆ, ಒಂದು ಚದರ ಮೀಟರ್ ಮೇಲೆ ಸೂರ್ಯನ ಬೆಳಕು 1,361 ವಾಟ್ ಬೀಳುವ ಕಡೆ ಸೌರಮಾರುತದ್ದು ಸುಮಾರು 0.0003 ವಾಟ್. ಅಂದರೆ ಬೆಳಕಿನ ಐವತ್ತು ಲಕ್ಷದಲ್ಲಿ ಒಂದು ಪಾಲು. ಅದೂ ವಾತಾವರಣದ ಆಚೆ. ಭೂಮಿಯ ಕಾಂತಕ್ಷೇತ್ರ ಈ ಗಾಳಿಯನ್ನು ಸೂರ್ಯನ ಕಡೆಗೆ ಸುಮಾರು 60,000 ಕಿಲೋಮೀಟರ್ ದೂರದಲ್ಲೇ ಪಕ್ಕಕ್ಕೆ ತಿರುಗಿಸಿಬಿಡುತ್ತದೆ.

ಇನ್ನು ನಕ್ಷತ್ರಗಳ ಕಡೆಯಿಂದ ಬರುವ ಗಾಳಿ. ನಕ್ಷತ್ರಗಳ ನಡುವಿನ ಜಾಗ ಪೂರ್ತಿ ಖಾಲಿ ಅಲ್ಲ. ಅಲ್ಲಿ ತುಂಬಾ ತೆಳುವಾದ ಅನಿಲ ಇದೆ, ಹೆಚ್ಚಿನದು ಹೈಡ್ರೋಜನ್, ಅದರ ನಂತರ ಹೀಲಿಯಂ. ನಮ್ಮ ಸೂರ್ಯ ಅದರೊಳಗೆ ಸಾಗುತ್ತಾ ಇರುವುದರಿಂದ ಆ ಅನಿಲ ಸೆಕೆಂಡಿಗೆ ಸುಮಾರು 26 ಕಿಲೋಮೀಟರ್ ವೇಗದಲ್ಲಿ ನಮ್ಮ ಸೌರಮಂಡಲದ ಒಳಕ್ಕೆ ಹರಿಯುತ್ತದೆ. ವಿದ್ಯುದಾವೇಶ ಇಲ್ಲದ ಪರಮಾಣುಗಳಿಗೆ ಕಾಂತಕ್ಷೇತ್ರದ ಹಂಗಿಲ್ಲ. ಸೀದಾ ಬರುತ್ತವೆ. ಹೈಡ್ರೋಜನ್‌ಗೆ ಎಲೆಕ್ಟ್ರಾನು ಕಳೆದುಕೊಳ್ಳುವುದು ಸುಲಭ, ಹಾಗಾಗಿ ಅದರಲ್ಲಿ ಹೆಚ್ಚಿನದು ಗುರುಗ್ರಹದ ದೂರ ದಾಟಿ ಒಳಗೆ ಬರುವಷ್ಟರಲ್ಲಿ ಅಯಾನಾಗಿ ಮುಗಿದಿರುತ್ತದೆ. ಹೀಲಿಯಂ ಗಟ್ಟಿ. ಅದು ಭೂಮಿಯ ಕಕ್ಷೆಯ ಒಳಗಿನವರೆಗೂ ಬರುತ್ತದೆ. ಸೂರ್ಯನ ಗುರುತ್ವ ಅದರ ದಾರಿಯನ್ನು ಬಗ್ಗಿಸಿ ಸೂರ್ಯನ ಹಿಂದೆ ಒಂದು ಕಡೆ ಒಟ್ಟು ಸೇರಿಸುತ್ತದೆ. ಆ ದಟ್ಟ ಭಾಗವನ್ನು ಭೂಮಿ ಪ್ರತಿವರ್ಷ ಡಿಸೆಂಬರ್ ಮೊದಲ ವಾರದ ಹೊತ್ತಿಗೆ ದಾಟುತ್ತದೆ. ನಿಮ್ಮ ಅಜ್ಜನ ಕಾಲದಲ್ಲೂ ದಾಟಿದೆ, ಕೆಳದಿ ಅರಸರ ಕಾಲದಲ್ಲೂ ದಾಟಿದೆ.

‘ದಟ್ಟ’ ಅಂದೆನಲ್ಲ, ಅದು ಎಷ್ಟು ಗೊತ್ತಾ? ಹೊರಗಿನ ಜಾಗದಲ್ಲಿ ಒಂದು ಘನ ಸೆಂಟಿಮೀಟರ್‌ಗೆ ಸುಮಾರು 0.015 ಹೀಲಿಯಂ ಪರಮಾಣು. ಆ ದಟ್ಟ ಭಾಗದಲ್ಲಿ ಅದರ ಕೆಲವು ಪಟ್ಟು. ಅಂದರೆ ಒಂದು ಪರಮಾಣು ಸಿಗಬೇಕಾದರೆ ಹತ್ತಾರು ಘನ ಸೆಂಟಿಮೀಟರ್ ಹುಡುಕಬೇಕು. ಈಗ ನೀವು ಉಸಿರಾಡುತ್ತಿರುವ ಗಾಳಿಯ ಒಂದೇ ಘನ ಸೆಂಟಿಮೀಟರ್‌ನಲ್ಲಿ ಕೋಟಿ ಕೋಟಿಗೂ ಜಾಸ್ತಿ ಹೀಲಿಯಂ ಪರಮಾಣು ಇವೆ, ಒಂದು ಕೋಟಿಯನ್ನು ಇನ್ನೊಂದು ಕೋಟಿಯಿಂದ ಗುಣಿಸಿದರೆ ಬರುತ್ತದಲ್ಲ, ಅಷ್ಟು. ಅದರಿಂದ ನಿಮಗಾಗಲಿ ಅಡಿಕೆಗಾಗಲಿ ಏನೂ ಆಗಿಲ್ಲ.

ಈಗ ನಿಮ್ಮ ಮಗಳ ಪ್ರಶ್ನೆ. ಇದಕ್ಕೆ ಸ್ವಲ್ಪ ಜಾಗ ಬೇಕು, ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಹೊರಗಿನಿಂದ ಬಂದ ಒಂದು ಹೀಲಿಯಂ ಪರಮಾಣುವಿಗೆ ಸೂರ್ಯನ ಅತಿನೇರಳೆ ಕಿರಣ ಬಡಿದು ಒಂದು ಎಲೆಕ್ಟ್ರಾನು ಕಿತ್ತುಹೋಯಿತು ಅಂತ ಇಟ್ಟುಕೊಳ್ಳಿ. ಆ ಗಳಿಗೆಯಿಂದ ಅದು ಅಯಾನು. ಸುತ್ತ ಸೌರಮಾರುತ 400 ಕಿಲೋಮೀಟರ್ ವೇಗದಲ್ಲಿ ಹರಿಯುತ್ತಿದೆ. ಅದರ ಮುಂದೆ ಈ ಹೊಸ ಅಯಾನು ಹೆಚ್ಚುಕಡಿಮೆ ನಿಂತೇ ಇದೆ. ಮಳೆಗಾಲದ ತುಂಗೆಗೆ ದಡದ ಮರದಿಂದ ಬಿದ್ದ ಎಲೆಯ ಹಾಗೆ ಅನ್ನಬಹುದು, ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಎಲೆಯನ್ನು ನೀರಿನ ಕಣಗಳು ಮುಟ್ಟಿ ಮುಟ್ಟಿ ತಳ್ಳುತ್ತವೆ. ಸೌರಮಾರುತ ಎಷ್ಟು ತೆಳು ಅಂದರೆ ಅಲ್ಲಿ ಒಂದು ಕಣ ಇನ್ನೊಂದಕ್ಕೆ ನೇರ ತಗಲುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಮುಟ್ಟದೆ ತಳ್ಳುವುದು ಹೇಗೆ ಅಂತ ಅವಳು ಕೇಳಿದ್ದು ಸರಿಯಾಗೇ ಇದೆ.

ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಸೌರಮಾರುತದ ಜೊತೆ ಕಾಂತಕ್ಷೇತ್ರವೂ ಓಡುತ್ತಿದೆ. ಓಡುವ ಕಾಂತಕ್ಷೇತ್ರವನ್ನು ನಿಂತವನು ನೋಡಿದರೆ ಅವನಿಗೆ ಅಲ್ಲಿ ಒಂದು ವಿದ್ಯುತ್ ಕ್ಷೇತ್ರವೂ ಕಾಣುತ್ತದೆ. ಅವಳ ಪಿಯುಸಿ ಪುಸ್ತಕದಲ್ಲಿ ವಾಹಕವನ್ನು ಕಾಂತಕ್ಷೇತ್ರದಲ್ಲಿ ಸರಿಸಿದಾಗ ವೋಲ್ಟೇಜ್ ಹುಟ್ಟುತ್ತದೆ ಅಂತ ಇದೆಯಲ್ಲ, ಅದೇ ಭೌತಶಾಸ್ತ್ರ. ಆ ವಿದ್ಯುತ್ ಕ್ಷೇತ್ರ ಅಯಾನನ್ನು ಎಳೆಯುತ್ತದೆ, ಕಾಂತಕ್ಷೇತ್ರ ಅದನ್ನು ತಿರುಗಿಸುತ್ತದೆ. ಅಯಾನು ಗಿರಗಿರನೆ ಸುತ್ತುತ್ತಾ ಮುಂದೆ ಸಾಗುತ್ತದೆ. ಭೂಮಿಯ ಹತ್ತಿರ ಸೌರಮಾರುತದ ಕಾಂತಕ್ಷೇತ್ರ ಸುಮಾರು 5 ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಸಣ್ಣ ಮಾನ). ಅದರಲ್ಲಿ ಪ್ರೋಟಾನು ಒಂದು ಸುತ್ತಿಗೆ ಸುಮಾರು 13 ಸೆಕೆಂಡ್ ತಗೊಳ್ಳುತ್ತದೆ, ಒಂದು ಎಲೆಕ್ಟ್ರಾನು ಕಳೆದುಕೊಂಡ ಹೀಲಿಯಂ 52 ಸೆಕೆಂಡ್. ಆ ಹೀಲಿಯಂ ಸುತ್ತಿನ ತ್ರಿಜ್ಯ ಮೂರು ಸಾವಿರ ಕಿಲೋಮೀಟರ್ ದಾಟುತ್ತದೆ. ಸುತ್ತುವಾಗ ಒಂದು ಕಡೆ ಅದು ನಿಂತ ಹಾಗಿರುತ್ತದೆ, ಇನ್ನೊಂದು ಕಡೆ ಸೌರಮಾರುತದ ಎರಡು ಪಟ್ಟು ವೇಗ.

ಈ ‘ಎರಡು ಪಟ್ಟು’ ಅನ್ನುವುದೇ ಅದರ ಗುರುತು. ಸೂರ್ಯನಿಂದಲೇ ಬಂದ ಹೀಲಿಯಂ ಆದರೆ ಅದರ ಎರಡೂ ಎಲೆಕ್ಟ್ರಾನು ಹೋಗಿರುತ್ತವೆ, ಯಾಕೆಂದರೆ ಸೂರ್ಯನ ಹೊರ ವಾತಾವರಣದ ಬಿಸಿ ಹತ್ತು ಲಕ್ಷ ಡಿಗ್ರಿ ದಾಟುತ್ತದೆ. ಒಂದೇ ಎಲೆಕ್ಟ್ರಾನು ಕಳೆದುಕೊಂಡ ಹೀಲಿಯಂ ಕಂಡರೆ, ಅದರ ವೇಗ ಸೌರಮಾರುತದ ಎರಡು ಪಟ್ಟಿನವರೆಗೆ ಹರಡಿ ಅಲ್ಲಿ ಕತ್ತರಿಸಿದ ಹಾಗೆ ನಿಂತರೆ, ಅದು ದಾರಿಯಲ್ಲಿ ಹೊಸದಾಗಿ ಹುಟ್ಟಿದ ಅಯಾನು. 1984ರಲ್ಲಿ ಹಾರಿಸಿದ ಆಂಪ್ಟೆ ಯೋಜನೆಯ ಜರ್ಮನ್ ಉಪಗ್ರಹ ಇದನ್ನು ಮೊದಲ ಬಾರಿ ಹಿಡಿಯಿತು, 1985ರಲ್ಲಿ ಪ್ರಕಟವಾಯಿತು. ಅದೇ ಯೋಜನೆಯಲ್ಲಿ 1984ರ ಡಿಸೆಂಬರ್ ಕೊನೆಗೆ ಬಾಹ್ಯಾಕಾಶದಲ್ಲಿ ಬೇರಿಯಂ ಆವಿ ಬಿಟ್ಟು, ಅದು ಅಯಾನಾಗಿ ಸೌರಮಾರುತಕ್ಕೆ ಸಿಕ್ಕಾಗ ಏನಾಗುತ್ತದೆ ಅಂತಲೂ ನೋಡಿದರು. ಕೃತಕ ಧೂಮಕೇತು ಅಂತಲೇ ಅದಕ್ಕೆ ಹೆಸರಾಯಿತು.

ಎರಡನೇ ಹಂತದಲ್ಲಿ ಅಲೆ ಬರುತ್ತದೆ. ಮೊದಲ ಹಂತದಲ್ಲಿ ಒಂದು ಕೊರತೆ ಇದೆ ನೋಡಿ. ಆ ವಿದ್ಯುತ್ ಕ್ಷೇತ್ರ ಹುಟ್ಟಬೇಕಾದರೆ ಗಾಳಿ ಕಾಂತಕ್ಷೇತ್ರಕ್ಕೆ ಅಡ್ಡವಾಗಿ ಬೀಸಬೇಕು. ಎರಡೂ ಒಂದೇ ದಿಕ್ಕಿಗಿದ್ದರೆ? ವಿದ್ಯುತ್ ಕ್ಷೇತ್ರ ಸೊನ್ನೆ. ಅಯಾನು ನಿಂತಲ್ಲೇ ನಿಲ್ಲುತ್ತದೆ, ಸೌರಮಾರುತ ಅದರ ಪಕ್ಕದಲ್ಲೇ ಹರಿದು ಹೋಗುತ್ತಿರುತ್ತದೆ. ಸೌರಮಾರುತದ ಜೊತೆ ಸಾಗುತ್ತಾ ನೋಡಿದರೆ, ಹೊಸ ಅಯಾನುಗಳೆಲ್ಲ ಒಂದೇ ವೇಗದಲ್ಲಿ, ಒಂದೇ ದಿಕ್ಕಿನಲ್ಲಿ, ಸೂರ್ಯನ ಕಡೆಗೆ ಎದುರು ಬರುವ ಗುಂಪಾಗಿ ಕಾಣುತ್ತವೆ. ಇಷ್ಟು ಶಿಸ್ತಿನ ಗುಂಪು ಪ್ಲಾಸ್ಮಾದಲ್ಲಿ ಹಾಗೇ ಉಳಿಯುವುದಿಲ್ಲ. ಕಾಂತಕ್ಷೇತ್ರದಲ್ಲಿ ಯಾವಾಗಲೂ ಚೂರುಪಾರು ಅಲುಗಾಟ ಇದ್ದೇ ಇರುತ್ತದೆ. ಅದರಲ್ಲಿ ಯಾವುದು ಅಯಾನಿನ ಸುತ್ತಿನ ಜೊತೆ ತಾಳ ಹೊಂದಿಸಿಕೊಂಡು ತಿರುಗುತ್ತದೋ, ಅದಕ್ಕೆ ಅಯಾನು ಪ್ರತಿ ಸುತ್ತಿನಲ್ಲೂ ತನ್ನ ಶಕ್ತಿಯಲ್ಲಿ ಸ್ವಲ್ಪ ಕೊಡುತ್ತಾ ಹೋಗುತ್ತದೆ. ಅಲುಗಾಟ ಬೆಳೆದು ಅಲೆಯಾಗುತ್ತದೆ. ಬೆಳೆದ ಅಲೆ ತಿರುಗಿ ಅಯಾನುಗಳ ದಿಕ್ಕನ್ನು ಕೆಡಿಸುತ್ತದೆ, ಎಲ್ಲಾ ಕಡೆಗೂ ಚದುರಿಸುತ್ತದೆ. ಎಲ್ಲಾ ಕಡೆಗೂ ಚದುರಿದವು ಅಂದರೆ ಸರಾಸರಿಯಲ್ಲಿ ಅವು ಸೌರಮಾರುತದ ಜೊತೆಗೇ ಸಾಗುತ್ತಿವೆ ಅಂತ ಅರ್ಥ.

ಇದೇ ಅವಳ ಪ್ರಶ್ನೆಗೆ ಉತ್ತರ. ಡಿಕ್ಕಿ ಮಾಡಬೇಕಾದ ಕೆಲಸವನ್ನು ಇಲ್ಲಿ ಅಲೆ ಮಾಡುತ್ತದೆ. ವಿಡಿಯೋದವರು ಆ ಅಲೆಯನ್ನು ಆಯುಧದ ಹಾಗೆ ತೋರಿಸಿದ್ದಾರೆ. ನಿಜಕ್ಕೂ ಅದು ಹೊಸಬರನ್ನು ಗಾಳಿಯ ಜೊತೆ ಸೇರಿಸುವ ಕೆಲಸದ್ದು, ಆ ಕೆಲಸದಲ್ಲೇ ಸವೆದು ಹೋಗುವಂಥದ್ದು.

ಅಲ್ಲಿಗೂ ವಿಷಯ ಅಷ್ಟು ಸಲೀಸಿಲ್ಲ. ಈ ಚದುರುವಿಕೆ ಬೇಗ ಮುಗಿಯುತ್ತದೆ ಅಂತ ಮೊದಲು ಎಲ್ಲರೂ ಅಂದುಕೊಂಡಿದ್ದರು. ಯೂಲಿಸಿಸ್ ನೌಕೆಯ ಅಳತೆ ಬೇರೆ ಹೇಳಿತು. ಕಾಂತಕ್ಷೇತ್ರ ಗಾಳಿಯ ದಿಕ್ಕಿಗೇ ಇದ್ದಾಗ ಹೊಸ ಅಯಾನು ಚದುರಲು ಸೂರ್ಯನಿಗೂ ಭೂಮಿಗೂ ಇರುವ ಅಂತರದಷ್ಟು ದೂರ ಬೇಕಾಗುತ್ತದೆ. ಅಂದರೆ ಅಲೆಗಳು ನಾವು ಲೆಕ್ಕ ಹಾಕಿದ್ದಕ್ಕಿಂತ ಸೌಮ್ಯ. ಭೂಮಿಯ ಹತ್ತಿರ ಈ ಹೀಲಿಯಂ ಅಯಾನುಗಳು ಸೌರಮಾರುತದ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಅವು ಎಬ್ಬಿಸುವ ಅಲೆ ಉಳಿದ ಗದ್ದಲದಲ್ಲಿ ಮುಳುಗಿ ಹೋಗುತ್ತದೆ, ಅಪರೂಪಕ್ಕೆ ಕಾಣುತ್ತದೆ.

ಕಂಡಾಗ ಹೇಗಿರುತ್ತದೆ ಅಂತ ಹೇಳುತ್ತೇನೆ. ಮ್ಯಾಗ್ನೆಟೋಮೀಟರ್ ಕಾಂತಕ್ಷೇತ್ರದ ಮೂರು ದಿಕ್ಕಿನ ಅಳತೆ ಕೊಡುತ್ತದೆ, ಸ್ಕ್ರೀನ್ ಮೇಲೆ ಮೂರು ಗೆರೆ. ಗಂಟೆಗಟ್ಟಲೆ ಮೂರೂ ಅಂಕೆಯಿಲ್ಲದೆ ಮೇಲೆ ಕೆಳಗೆ ಆಡುತ್ತಿರುತ್ತವೆ. ಗಾಳಿ ಶಾಂತವಾಗಿ, ಕ್ಷೇತ್ರ ಹೆಚ್ಚುಕಡಿಮೆ ಸೂರ್ಯನ ದಿಕ್ಕಿಗೆ ಬಂದು ನಿಂತಾಗ, ಕೆಲವೊಮ್ಮೆ ಎರಡು ಗೆರೆಗಳಲ್ಲಿ ನೀಟಾದ ಏರಿಳಿತ ಶುರುವಾಗುತ್ತದೆ. ಒಂದು ತುದಿ ಮುಟ್ಟುವಾಗ ಇನ್ನೊಂದು ನಡುವಿನಲ್ಲಿರುತ್ತದೆ, ಅಂದರೆ ಕ್ಷೇತ್ರ ವೃತ್ತದಲ್ಲಿ ತಿರುಗುತ್ತಿದೆ. ಎರಡು ತುದಿಗಳ ನಡುವಿನ ಸಮಯ ಲೆಕ್ಕ ಹಾಕಿದರೆ ಅದು ಯಾವುದೋ ಒಂದು ಅಯಾನಿನ ಸುತ್ತಿನ ಸಮಯಕ್ಕೆ ಸರಿಹೊಂದುತ್ತದೆ. ಯಾವ ಅಯಾನು ಅಂತ ಅಲ್ಲೇ ಗೊತ್ತಾಗುತ್ತದೆ. ಆ ಏರಿಳಿತದ ಎತ್ತರ ಸಾಮಾನ್ಯವಾಗಿ ಒಂದು ನ್ಯಾನೋಟೆಸ್ಲಾಕ್ಕಿಂತಲೂ ಕಡಿಮೆ. ನಿಮ್ಮ ತೋಟದಲ್ಲಿ ಭೂಮಿಯದೇ ಕಾಂತಕ್ಷೇತ್ರ 40,000 ನ್ಯಾನೋಟೆಸ್ಲಾದ ಆಸುಪಾಸು ಇದೆ. ಆ ಅಲೆ ನಿಮ್ಮ ತೋಟಕ್ಕೆ ಬರುವುದಿಲ್ಲ, ಬಂದಿದ್ದರೂ ಅದರ ಪ್ರಮಾಣ ಇಷ್ಟು.

ಧೂಮಕೇತುಗಳ ಹತ್ತಿರ ಮಾತ್ರ ಈ ಆಟ ಜೋರು. ಅಲ್ಲಿ ಮಂಜುಗಡ್ಡೆ ಆವಿಯಾಗಿ ಟನ್‌ಗಟ್ಟಲೆ ನೀರಿನ ಅಣುಗಳು ಹೊರಬರುತ್ತವೆ, ಅವು ಅಯಾನಾಗುತ್ತವೆ. 1985ರ ಸೆಪ್ಟೆಂಬರ್ 11ರಂದು ಐಸ್ ಅನ್ನುವ ನೌಕೆ ಜಿಯಾಕೊಬಿನಿ-ಜಿನ್ನರ್ ಧೂಮಕೇತುವಿನ ಬಾಲದಲ್ಲಿ ಹಾದು ಹೋದಾಗ, ಸುಮಾರು 100 ಸೆಕೆಂಡಿಗೆ ಒಂದರಂತೆ ದೊಡ್ಡ ಅಲೆಗಳು ಸಿಕ್ಕವು. ಅದು ಅಲ್ಲಿನ ಕಾಂತಕ್ಷೇತ್ರದಲ್ಲಿ ನೀರಿನಿಂದ ಹುಟ್ಟಿದ ಅಯಾನುಗಳು ಸುತ್ತುವ ಸಮಯ. ಮರುವರ್ಷ ಹ್ಯಾಲಿ ಧೂಮಕೇತುವಿನ ಹತ್ತಿರವೂ ಕಂಡಿತು. ಮಂಗಳ, ಶುಕ್ರದ ಸುತ್ತಲೂ ಪ್ರೋಟಾನಿನ ಅಲೆಗಳು ಸಿಗುತ್ತವೆ. ಮಂಗಳನ ವಾತಾವರಣದ ಹೈಡ್ರೋಜನ್ ಹೇಗೆ ಸೋರಿಹೋಗುತ್ತಿದೆ ಅಂತ ತಿಳಿಯಲು ಅದೂ ಒಂದು ಸುಳಿವು.

ಸೂರ್ಯನಿಂದ ದೂರ ಹೋದಷ್ಟೂ ಹೊಸ ಅಯಾನುಗಳ ಪಾಲು ಏರುತ್ತದೆ. ಸೌರಮಾರುತದ ವೇಗ ಒಮ್ಮೆಲೇ ಕುಸಿಯುವ ಗಡಿಯ ಹೊತ್ತಿಗೆ ಅವು ಐದನೇ ಒಂದು ಭಾಗದ ಆಸುಪಾಸು ಆಗಿರುತ್ತವೆ, ಅವನ್ನೆಲ್ಲ ಎಳೆದುಕೊಂಡು ಹೋಗುವ ಭಾರಕ್ಕೆ ಸೌರಮಾರುತವೇ ನಿಧಾನವಾಗುತ್ತಾ ಬಂದಿರುತ್ತದೆ. ವಾಯೇಜರ್ 2 ನೌಕೆ 2007ರ ಆಗಸ್ಟ್‌ನಲ್ಲಿ ಆ ಗಡಿ ದಾಟಿದಾಗ, ಅಲ್ಲಿನ ಸೌರಮಾರುತ ಲೆಕ್ಕಕ್ಕಿಂತ ತುಂಬಾ ಕಡಿಮೆ ಬಿಸಿಯಾಗಿತ್ತು. ಶಕ್ತಿ ಎಲ್ಲಿ ಹೋಯಿತು? ಹೆಚ್ಚಿನ ಪಾಲು ಈ ಹೊಸ ಅಯಾನುಗಳಿಗೆ ಹೋಗಿತ್ತು. ವಾಯೇಜರ್‌ನ ಉಪಕರಣಕ್ಕೆ ಅವನ್ನು ನೇರವಾಗಿ ಅಳೆಯಲು ಬರುತ್ತಿರಲಿಲ್ಲ, ಆಮೇಲೆ ನ್ಯೂ ಹೊರೈಜನ್ಸ್ ನೌಕೆ ಪ್ಲೂಟೊ ಆಚೆಯೂ ಅಳೆಯುತ್ತಾ ಸಾಗಿದೆ. ನಮ್ಮ ಸೌರಮಂಡಲದ ಎಲ್ಲೆಯ ಸ್ವಭಾವವನ್ನು ನಿರ್ಧರಿಸುವುದು ಸೂರ್ಯನದಲ್ಲದ ಈ ಅಯಾನುಗಳು. ನನಗಂತೂ ಇದು ಎಷ್ಟು ಸಲ ಹೇಳಿದರೂ ಸಾಲದು.

ಆ ‘ಗೊಯ್’ ಸದ್ದಿನ ಬಗ್ಗೆ. ಅದು ಯಾವ ನೌಕೆಯದು ಅನ್ನುವುದರ ಮೇಲೆ ಉತ್ತರ ಬೇರೆ ಆಗುತ್ತದೆ. ರೊಸೆಟ್ಟಾ ನೌಕೆ 2014ರಲ್ಲಿ ಒಂದು ಧೂಮಕೇತುವಿನ ಹತ್ತಿರ ಕಾಂತಕ್ಷೇತ್ರದ ‘ಹಾಡು’ ಹಿಡಿಯಿತು ಅಂತ ಸುದ್ದಿಯಾಗಿತ್ತು. ಅದು ಸುಮಾರು 20, 25 ಸೆಕೆಂಡಿಗೆ ಒಮ್ಮೆ ಆಗುವ ಏರಿಳಿತ. ನಮ್ಮ ಕಿವಿಗೆ ಸೆಕೆಂಡಿಗೆ ಕನಿಷ್ಠ 20 ಕಂಪನ ಬೇಕು. ಹಾಗಾಗಿ ಅದನ್ನು ಸುಮಾರು 10,000 ಪಟ್ಟು ವೇಗ ಮಾಡಿ ಕೇಳಿಸಿದರು. ವಾಯೇಜರ್ 1ರದ್ದು ಬೇರೆ. ಅದು 2012ರ ಆಗಸ್ಟ್‌ನಲ್ಲಿ ಸೂರ್ಯನ ಪ್ರಭಾವದ ಗಡಿ ದಾಟಿತು. 2013ರ ಏಪ್ರಿಲ್‌ನಲ್ಲಿ ಅದರ ಆಂಟೆನಾಕ್ಕೆ ಸಿಕ್ಕ ಎಲೆಕ್ಟ್ರಾನುಗಳ ಕಂಪನ ಸೆಕೆಂಡಿಗೆ ಎರಡೂವರೆ ಸಾವಿರದಷ್ಟು, ಅಂದರೆ ಕಿವಿಗೆ ಕೇಳುವ ವ್ಯಾಪ್ತಿಯದ್ದೇ. ಆದರೂ ಅದು ವಿದ್ಯುತ್ ಕ್ಷೇತ್ರದ ಕಂಪನ, ಸ್ಪೀಕರ್‌ಗೆ ಕೊಟ್ಟ ಮೇಲೆ ಸದ್ದಾಗಿದ್ದು. ಆ ಕಂಪನದಿಂದಲೇ ಅಲ್ಲಿನ ಸಾಂದ್ರತೆ ಅಳೆದು ನೌಕೆ ಹೊರಗೆ ಹೋಗಿದೆ ಅಂತ ಖಚಿತ ಮಾಡಿಕೊಂಡರು. ಮಿಂಚು ಹೊಡೆದಾಗ ಭದ್ರಾವತಿ ಆಕಾಶವಾಣಿ ಮೀಡಿಯಂ ವೇವ್‌ನಲ್ಲಿ ಚರಚರ ಅನ್ನುತ್ತಿತ್ತಲ್ಲ, ರೇಡಿಯೊ ಕೇಳಿ ಬೆಳೆದವರಿಗೆಲ್ಲ ಅದು ಗೊತ್ತು. ಇದೂ ಅದೇ ಥರ, ಆ ಚರಚರದಿಂದ ಯಾರ ತೋಟವೂ ಹಾಳಾಗಲಿಲ್ಲ.

ಹಾಗಾದರೆ ಸೂರ್ಯನಿಂದ ತೊಂದರೆಯೇ ಇಲ್ಲವಾ ಅಂದರೆ, ಇದೆ. ಅದು ಬೇರೆ ಜಾತಿಯದು. ಸೂರ್ಯನಿಂದ ಒಮ್ಮೊಮ್ಮೆ ಪ್ಲಾಸ್ಮಾ ದೊಡ್ಡ ಗುಡ್ಡೆಯಾಗಿ ಸಿಡಿದು ಬರುತ್ತದೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು ಒಂಬತ್ತು ಗಂಟೆ ಕರೆಂಟ್ ಹೋಗಿದ್ದು ಅದರಿಂದ. 2024ರ ಮೇ 10, 11ರಂದು ಬಂದ ಇಂಥ ಸೌರ ಬಿರುಗಾಳಿಗೆ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದು ಕಂಡಿತು, ಅಮೆರಿಕದಲ್ಲಿ ಜಿಪಿಎಸ್ ನಂಬಿಕೊಂಡ ಟ್ರಾಕ್ಟರ್‌ಗಳು ಬಿತ್ತನೆ ನಿಲ್ಲಿಸಿದವು. ಧ್ರುವಗಳ ಕಡೆಗೆ ಇದರ ಹೊಡೆತ ಜಾಸ್ತಿ. ನಾವು ಕಾಂತೀಯ ಸಮಭಾಜಕದ (ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ಗೆರೆಯ) ಹತ್ತಿರ ಇದ್ದೇವೆ, ಅದು ತಮಿಳುನಾಡಿನ ದಕ್ಷಿಣ ತುದಿಯ ಆಸುಪಾಸಿನಲ್ಲಿ ಹಾದು ಹೋಗುತ್ತದೆ. ಕರೆಂಟಿನ ಲೈನ್‌ಗೆ ಬರುವ ಅಪಾಯ ನಮ್ಮಲ್ಲಿ ತುಂಬಾ ಕಡಿಮೆ.

ಆದರೆ ಸಮಭಾಜಕದ ಹತ್ತಿರ ಇರುವುದರಿಂದಲೇ ನಮಗೆ ಒಂದು ಕಿರಿಕಿರಿ ಇದೆ, ಅದನ್ನು ಯಾವ ವಿಡಿಯೋದವರೂ ಹೇಳುವುದಿಲ್ಲ. ಸೂರ್ಯ ಮುಳುಗಿದ ಮೇಲೆ ನಮ್ಮ ತಲೆ ಮೇಲೆ ಮುನ್ನೂರು ಕಿಲೋಮೀಟರ್ ಎತ್ತರದ ಅಯಾನು ಪದರದಲ್ಲಿ ತೆಳುವಾದ ಗುಳ್ಳೆಗಳು ಏಳುತ್ತವೆ. ಮಾರ್ಚ್, ಏಪ್ರಿಲ್ ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅದೂ ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ ಜಾಸ್ತಿ. ಅವುಗಳಲ್ಲಿ ಹಾದು ಬರುವ ಜಿಪಿಎಸ್ ಸಿಗ್ನಲ್ ಮಿಣುಕುತ್ತದೆ. ನಿಮ್ಮ ಜಮೀನಿನ ಪೋಡಿಗೆ ನಿಖರ ಜಿಪಿಎಸ್ ಸರ್ವೆ ಮಾಡಿಸುವುದಿದ್ದರೆ ಹಗಲಲ್ಲೇ ಮುಗಿಸಿಕೊಳ್ಳಿ. ಇದು ನಿಮ್ಮ ಬದುಕಿಗೆ ನಿಜಕ್ಕೂ ತಾಗುವ ಪ್ಲಾಸ್ಮಾ. ಬಾಕಿ ಹೊತ್ತಿನಲ್ಲಿ ಮೊಬೈಲ್ ಮ್ಯಾಪ್ ತಪ್ಪು ತೋರಿಸಿದರೆ ಅಡಿಕೆ ಮರಗಳ ನೆತ್ತಿ, ಪಕ್ಕದ ಗುಡ್ಡ ಇವೇ ಕಾರಣ.

ಪಂಪಿನ ಕಂಟ್ರೋಲರ್ ಸುಟ್ಟಿದ್ದು ಯಾವ ತಿಂಗಳಲ್ಲಿ? ಏಪ್ರಿಲ್, ಮೇ ಅಥವಾ ಅಕ್ಟೋಬರ್ ಆಗಿದ್ದರೆ ಮೊದಲ ಅನುಮಾನ ಸಿಡಿಲಿನ ಮೇಲೆ ಹೋಗಬೇಕು. ಸಿಡಿಲು ತೋಟಕ್ಕೇ ಬೀಳಬೇಕಿಲ್ಲ, ಹತ್ತಿರ ಎಲ್ಲೋ ಬಿದ್ದರೂ ಪ್ಯಾನಲ್‌ನಿಂದ ಬರುವ ಉದ್ದದ ತಂತಿಯಲ್ಲಿ ವೋಲ್ಟೇಜ್ ಜಿಗಿಯುತ್ತದೆ. ಪೆಟ್ಟಿಗೆ ತೆಗೆದು ಒಳಗೂ ನೋಡಿ. ಇರುವೆ ಗೂಡು, ಹಲ್ಲಿ ಇವು ಬೋರ್ಡನ್ನು ಶಾರ್ಟ್ ಮಾಡುವುದು ನಮ್ಮ ಕಡೆ ಮಾಮೂಲು.

ನಿಮ್ಮ ಮುಂದೆ ಇರುವ ದಾರಿಗಳು ಇಷ್ಟು. ತಗಡು ಹಾಕಿಸಿದರೆ ನಾಲ್ಕಕ್ಕೆ 26,000 ರೂಪಾಯಿ ಹೋಗುತ್ತದೆ, ರಕ್ಷಣೆ ಏನೂ ಸಿಗುವುದಿಲ್ಲ. ಮೇಲಾಗಿ ‘ತಗಡು ಇದೆಯಲ್ಲ’ ಅಂತ ಅರ್ಥಿಂಗ್ ನೋಡದೆ ಬಿಡುವ ಅಪಾಯ ಇದೆ. ತಾಮ್ರದ ತಗಡಿಗೆ ಕೆಲಸ ಇರುವುದು ಅರ್ಥಿಂಗ್ ಗುಂಡಿಯೊಳಗೆ, ತಂತಿ ಜೋಡಿಸಿದಾಗ. ಕಂಬಕ್ಕೆ ನೇತು ಹಾಕಿದಾಗ ಅಲ್ಲ. ಅದೇ ದುಡ್ಡಿನಲ್ಲಿ ಒಂದು ಪಾಲು ಖರ್ಚು ಮಾಡಿ ಕಂಟ್ರೋಲರ್‌ಗೆ ಪ್ಯಾನಲ್ ಕಡೆಯೂ ಮೋಟಾರ್ ಕಡೆಯೂ ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಜಿಗಿದಾಗ ತಡೆಯುವ ಸಾಧನ) ಹಾಕಿಸಬಹುದು. ಅದಕ್ಕೂ ಮಿತಿ ಇದೆ. ಸಿಡಿಲು ನೇರ ಬಡಿದರೆ ಅದು ಉಳಿಸುವುದಿಲ್ಲ, ಅರ್ಥಿಂಗ್ ಸರಿ ಇಲ್ಲದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದರೆ ಕರೆಂಟನ್ನು ಚೆನ್ನಾಗಿ ಇಳಿಸಿಕೊಳ್ಳುವುದಿಲ್ಲ, ಸಿಡಿಲು ಬರುವುದೂ ಅದೇ ಬೇಸಿಗೆ ಮಳೆಯಲ್ಲಿ. ಹಾಗಾಗಿ ಏಪ್ರಿಲ್‌ಗೆ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಎಷ್ಟು ಓಮ್ ಇದೆ ಅಂತ ಮೀಟರ್ ಇಟ್ಟು ಅಳೆಸಿ, ಗುಂಡಿಗೆ ನೀರು ಬಿಡಿ. ಗುಡುಗು ಶುರುವಾದ ಕೂಡಲೇ ಪ್ಯಾನಲ್ ಕಡೆಯ ಸ್ವಿಚ್ ತೆಗೆಯುವುದು ಖರ್ಚಿಲ್ಲದ ದಾರಿ. ಆದರೆ ಸಿಡಿಲು ತಲೆ ಮೇಲೆ ಬಂದ ಮೇಲೆ ತೋಟಕ್ಕೆ ಓಡಬೇಡಿ, ಕಂಟ್ರೋಲರ್ ಹೋದರೆ ಹೋಗಲಿ.

ಎಲೆಚುಕ್ಕೆ ರೋಗ ಶಿಲೀಂಧ್ರದಿಂದ ಬರುವುದು. ತೇವ, ಮಳೆ ಹನಿಯ ಸಿಡಿತ, ಗಾಳಿ ಇವು ಅದನ್ನು ಹರಡುತ್ತವೆ. ಹೊಸನಗರ, ತೀರ್ಥಹಳ್ಳಿ, ಶೃಂಗೇರಿ ಕಡೆ ಮಳೆ ಜಾಸ್ತಿ, ಅದಕ್ಕೇ ಅಲ್ಲಿ ಹಾವಳಿಯೂ ಜಾಸ್ತಿ. ಆ ಹೊಸ ಅಯಾನು ಕಾರಣವಾಗಿದ್ದರೆ ಬಯಲುಸೀಮೆಯ ತೋಟಗಳಿಗೂ ಒಂದೇ ಸಮ ಬರಬೇಕಿತ್ತಲ್ಲ? ವಿಡಿಯೋ ನಂಬುವುದರ ದೊಡ್ಡ ಅಪಾಯ ಇಲ್ಲೇ ಇರುವುದು. ದುಡ್ಡು ಹೋದರೆ ಮತ್ತೆ ದುಡಿಯಬಹುದು, ಮದ್ದು ಹೊಡೆಯುವ ಹೊತ್ತು ತಪ್ಪಿದರೆ ಪಕ್ಕದ ತೋಟಕ್ಕೂ ರೋಗ ಹಬ್ಬುತ್ತದೆ. ಯಾವ ಮದ್ದು, ಯಾವ ಪ್ರಮಾಣ ಅನ್ನುವುದನ್ನು ತೋಟಗಾರಿಕೆ ಇಲಾಖೆಯವರನ್ನೋ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದವರನ್ನೋ ಕೇಳಿ, ರೋಗ ಬಿದ್ದ ಎಲೆ ಒಂದನ್ನು ಜೊತೆಗೆ ಒಯ್ಯಿರಿ.

ಭಾವನ ಮುಂಗಡ: ರಸೀದಿ, ಮೆಸೇಜ್, ಹಣ ಕಳಿಸಿದ ದಾಖಲೆ ಯಾವುದಿದ್ದರೂ ಇಟ್ಟುಕೊಳ್ಳಿ. ವಾಪಸ್ ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಭಾವನಿಗೆ ಬೇಜಾರಾಗದ ಹಾಗೆ ಹೇಳಿ. ಅವರು ನಿಮ್ಮ ತೋಟ ಉಳಿಯಲಿ ಅಂತಲೇ ಕಳಿಸಿದ್ದು.

ಇನ್ನು ಮಗಳ ಓದು. ಒಂದು ದಾರಿ, ಶಿವಮೊಗ್ಗದಲ್ಲೇ ಬಿಎಸ್ಸಿ ಭೌತಶಾಸ್ತ್ರ, ಗಣಿತ ಮಾಡಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮಾಡುವುದು. ಖರ್ಚು ಕಡಿಮೆ, ಮನೆ ಹತ್ತಿರ. ಆದರೆ ಪ್ಲಾಸ್ಮಾ, ಕಂಪ್ಯೂಟರ್ ಪ್ರೋಗ್ರಾಮಿಂಗ್ ಇವನ್ನು ಅವಳೇ ಹಟ ಹಿಡಿದು ಕಲಿಯಬೇಕಾಗುತ್ತದೆ. ಇನ್ನೊಂದು, ಪ್ರವೇಶ ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಾದ ಐಸರ್‌ಗಳಿಗೋ ಬೆಂಗಳೂರಿನ ಐಐಎಸ್ಸಿಗೋ ಹೋಗುವುದು. ಅಲ್ಲಿ ಮೊದಲಿಂದಲೇ ಸಂಶೋಧನೆಯ ಗಾಳಿ ಇದೆ, ಪೈಪೋಟಿಯೂ ಹಾಗೇ ಇದೆ. ಇಂಜಿನಿಯರಿಂಗ್ ಮಾಡಿ ಇಸ್ರೋಗೆ ಹೋದರೆ ಉಪಕರಣ ಕಟ್ಟುವ ಕೆಲಸ ಸಿಗಬಹುದು, ಅಲೆಗಳ ಹಿಂದೆ ಬೀಳುವ ಕೆಲಸ ಸಿಗುವುದು ಕಷ್ಟ. ಯಾವ ದಾರಿಯಾದರೂ ಕೊನೆಗೆ ಪಿಎಚ್‌ಡಿ ಬೇಕು, ಅದಕ್ಕೇ ಐದಾರು ವರ್ಷ. ಫೆಲೋಶಿಪ್ ಸಿಗುತ್ತದೆ, ಮನೆಯಿಂದ ದುಡ್ಡು ಹಾಕಬೇಕಿಲ್ಲ. ಆದರೆ ಕಾಯಂ ಕೆಲಸಗಳು ಕಡಿಮೆ, ಅವಳ ವಯಸ್ಸಿನವರು ಬೆಂಗಳೂರಲ್ಲಿ ಸಂಬಳ ಎಣಿಸುವಾಗ ಇವಳು ಇನ್ನೂ ವಿದ್ಯಾರ್ಥಿನಿ ಆಗಿರುತ್ತಾಳೆ. ಇದನ್ನು ನೀವೂ ಅವಳೂ ಈಗಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಈ ವಿಷಯಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ಜಾಗಗಳಿವೆ: ಅಹಮದಾಬಾದ್‌ನ ಪಿಆರ್‌ಎಲ್ (ಭೌತಿಕ ಸಂಶೋಧನಾ ಪ್ರಯೋಗಾಲಯ), ನವಿ ಮುಂಬೈನ ಭೂಕಾಂತೀಯ ಸಂಸ್ಥೆ, ತಿರುವನಂತಪುರದ ಬಾಹ್ಯಾಕಾಶ ಭೌತಶಾಸ್ತ್ರ ಪ್ರಯೋಗಾಲಯ.

ಶುರು ಮಾಡಲು ಮಾತ್ರ ಯಾವ ಸೀಟಿಗೂ ಕಾಯಬೇಕಿಲ್ಲ. 2023ರ ಸೆಪ್ಟೆಂಬರ್ 2ರಂದು ಹಾರಿದ ನಮ್ಮ ಆದಿತ್ಯ-ಎಲ್1 ಈಗ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ಸೌರಮಾರುತದೊಳಗೇ ಇದೆ. ಅದರ ಮ್ಯಾಗ್ನೆಟೋಮೀಟರ್ ಅಳತೆ, ಅಯಾನು ಎಣಿಸುವ ಆಸ್ಪೆಕ್ಸ್ ಉಪಕರಣದ ಅಳತೆ ಇಸ್ರೋದ ಪ್ರದಾನ್ ಜಾಲತಾಣದಲ್ಲಿ ಸಿಗುತ್ತವೆ. ಹೆಸರು ನೋಂದಾಯಿಸಿ ಇಳಿಸಿಕೊಳ್ಳಬಹುದು. ಹಳೆಯ ಲ್ಯಾಪ್‌ಟಾಪ್, ಪುಕ್ಕಟೆ ಸಿಗುವ ಪೈಥಾನ್ ಇಷ್ಟು ಸಾಕು. ಪರೀಕ್ಷೆ ಮುಗಿದ ಮೇಲೆ ಒಂದು ದಿನದ ಕಾಂತಕ್ಷೇತ್ರದ ಮೂರು ಗೆರೆ ಎಳೆಯಲು ಹೇಳಿ. ಆಮೇಲೆ ಆ ದಿನದ ಕ್ಷೇತ್ರದ ಬಲ ನೋಡಿ ಪ್ರೋಟಾನು ಒಂದು ಸುತ್ತಿಗೆ ಎಷ್ಟು ಸೆಕೆಂಡ್ ತಗೊಳ್ಳುತ್ತದೆ ಅಂತ ಲೆಕ್ಕ ಹಾಕಲಿ, ಅದಕ್ಕೆ ಬೇಕಾದ ಸೂತ್ರ ಅವಳ ಪಠ್ಯದಲ್ಲೇ ಇದೆ. ಉತ್ತರ ಬಂದ ಮೇಲೆ ನನಗೆ ಬರೆಯಲಿ, ಮುಂದಿನದು ಹೇಳಿಕೊಡುತ್ತೇನೆ.